ಕೃಷ್ಣಗಿರಿಯವರೊಡನೆ ಒಂದು ಭಾನುವಾರ

ಆಟಿ ತಿಂಗಳ ಒಂದು ಭಾನುವಾರ, ಮುಂಬಯಿಯ ಮಳೆಯು ಅರೆಗಳಿಗೆ ಬಿಡುವು ಕೊಟ್ಟ ಬೆಳಗಿನಲ್ಲಿ, ಮಾಟುಂಗದಿಂದ ಕಟ್ಟಿಸಿಕೊಂಡ ಇಡ್ಲಿಯ ಡಬ್ಬಿಯನ್ನೂ ನೀರಿನ ಬಾಟಲಿಯನ್ನೂ ಕೊಡೆಯನ್ನೂ ಹೊತ್ತು, ಬೋರಿವಲಿಯಲ್ಲಿ ಲೋಕಲ್ ಗಾಡಿಯಿಂದಿಳಿದು, ರಾಷ್ಟ್ರೀಯ ಉದ್ಯಾನದ ಬಸ್ಸಿನಲ್ಲಿ ಸಾಕಷ್ಟು ನೂಕಿಸಿಕೊಂಡು, ಕಾನ್ಹೇರಿ ಗುಹೆಗಳ ಮೇಲಣ ಬಂಡೆಯ ನೆತ್ತಿಯನ್ನು ಹೇಗೋ ತಲಪಿದೆನು. ಪಡುವಣಕ್ಕೆ ಗೊರಾಯಿಯ ಅಳಿವೆ, ಅದರಾಚೆ ಕಡಲು. ಮಿಕ್ಕ ಕಡೆಗಳಲ್ಲಿ, ಕಾಡು ಮುಗಿಯುವುದನ್ನೇ ಕಾಯುತ್ತ ನಿಂತಂತಿರುವ ಬಹುಮಹಡಿ ಕಟ್ಟಡಗಳು. ಶಾಸನಗಳಲ್ಲಿ ಕೃಷ್ಣಗಿರಿಯೆನಿಸಿಕೊಂಡು, ಜನರ ನಾಲಗೆಯಲ್ಲಿ ಸವೆದು ಸವೆದು ಕಾನ್ಹೇರಿಯಾಗಿರುವ ಆ ಕರ್ಗಲ್ಲಿನ ವೃದ್ಧರು ಮಾತನಾಡಲು ಒಪ್ಪಿದುದು, ನಾನು ಬಂಡೆಯ ಮೇಲೆ ನನ್ನ ಹೆಸರನ್ನು ಕೆತ್ತುವುದಿಲ್ಲವೆಂದು ವಚನವಿತ್ತ ಬಳಿಕ.

ನಾನು: ಗಿರಿವರ್ಯರೇ, ವಿಹಾರಾರ್ಥವಾಗಿ ತಮ್ಮಲ್ಲಿಗೆ ಬಂದಿದ್ದೇನೆ.

ಗಿರಿ: ಆ ಶಬ್ದದ ವಿಷಯದಲ್ಲಿ ನನ್ನದೊಂದು ಹಳೆಯ ವ್ಯಾಜ್ಯವಿದೆ. ಸುಮಾರು ಸಾವಿರ ವರ್ಷಗಳ ಕಾಲ ನನ್ನಲ್ಲಿ ವಿಹಾರವೆಂದರೆ, ಭಿಕ್ಷುಗಳು ಮಳೆಗಾಲದಲ್ಲಿ ಅಲೆದಾಟವನ್ನು ಬಿಟ್ಟು ಮೌನವಾಗಿ ಕುಳಿತಿರುತ್ತಿದ್ದ ಮನೆ. 1860ರಲ್ಲಿ ಬೊಂಬಾಯಿಗೆ ನೀರೊಯ್ಯಲು ಇದೇ ಕಾಡಿನೊಳಗೆ ಆಂಗ್ಲರು ಕಟ್ಟಿ ಮುಗಿಸಿದ ಕೆರೆಯ ಹೆಸರೂ ವಿಹಾರವೇ. ಈಗ ಕುಳಿತುಕೊಳ್ಳಲೂ ಬಾರದ, ಸುಮ್ಮನಿರಲೂ ಬಾರದ ನೀವು ಮಾಡುವುದಕ್ಕೂ ಅದೇ ಹೆಸರು. ಇರಲಿ. ಆ ಬಾಟಲಿಯಲ್ಲಿರುವುದೇನು?

ನಾನು: ನೀರು.

ಗಿರಿ: ನನ್ನ ಮೈಯಲ್ಲಿ ನೂರಕ್ಕೂ ಮಿಕ್ಕ ಗುಹೆಗಳಿವೆ. ಗುಹೆಗಳ ಬಾಗಿಲಲ್ಲಿ ಕಲ್ಲಿನ ತೊಟ್ಟಿಗಳಿವೆ. ಬಂಡೆಯಲ್ಲಿ ಕೊರೆದ ಕಾಲುವೆಗಳನ್ನು ಹಿಡಿದು ಮಳೆನೀರು ತಾನಾಗಿಯೇ ಅವುಗಳೊಳಗೆ ಇಳಿಯುತ್ತದೆ. ಇಂತಹ ಬೆಟ್ಟಕ್ಕೆ ದುಡ್ಡು ಕೊಟ್ಟ ನೀರನ್ನು ಹೊತ್ತು ತಂದಿರಾ?

ನಾನು: ಹಾಗಾದರೆ ತೊಟ್ಟಿಯ ನೀರನ್ನೇ ಕುಡಿಯೋಣವೆ?

ಗಿರಿ: ಬೇಡ, ಬೇಡ. ಹೋದ ಭಾನುವಾರ ಬಂದವರು ತಮ್ಮ ಬಾಟಲಿಗಳನ್ನು ಅದರೊಳಗೇ ಬಿಟ್ಟು ಹೋಗಿದ್ದಾರೆ.

(ಮಾತಿನ ದಿಕ್ಕನ್ನು ಬದಲಿಸಲು, ಕನ್ನಡಿಗರು ಇಂತಹ ಇಕ್ಕಟ್ಟಿನಲ್ಲಿ ಮಾಡುವಂತೆ, ನಾನು ಇತಿಹಾಸದ ಮೊರೆಹೊಕ್ಕೆನು.)

ನಾನು: ನಮ್ಮ ನೃಪತುಂಗ ಅಮೋಘವರ್ಷನ ಹೆಸರು ತಮ್ಮ ಮೈಮೇಲಿದೆಯೆಂದು ಕೇಳಿ ಎದೆಯುಬ್ಬಿ ಬಂದಿದ್ದೇನೆ.

ಗಿರಿ: ಇದೆ. ಅವನ ಸಾಮಂತರಾದ ಶಿಲಾಹಾರರು ಕೊಂಕಣವನ್ನಾಳುತ್ತಿದ್ದ ಕಾಲದ ಶಾಸನಗಳು. ಒಂದು ಶಕವರ್ಷ 799ರದು. ಆದರೆ ಭಾಷೆ ಸಂಸ್ಕೃತ; ಎದೆಯನ್ನು ತುಸು ಇಳಿಸಬಹುದು. ಇನ್ನೊಂದರಲ್ಲಿ, ದೂರದ ಗೌಡದೇಶದಿಂದ ಬಂದ ಉಪಾಸಕನೊಬ್ಬನು ಧ್ಯಾನಕ್ಕೆ ಕೋಣೆಗಳನ್ನು ಮಾಡಿಸಿ, ಭಿಕ್ಷುಗಳ ವಸ್ತ್ರಕ್ಕೆಂದು ನೂರು ದ್ರಮ್ಮಗಳನ್ನು ದತ್ತಿಯಿಟ್ಟುದನ್ನು ಬರೆಯಿಸಿದ್ದಾನೆ. ಹೆಸರು ಕೆತ್ತುವ ಚಪಲ ಈಗಿನವರಿಗೂ ಇದೆ. ದತ್ತಿಯ ಮೊತ್ತವನ್ನು ಮಾತ್ರ ಅವರು ನಮೂದಿಸುವುದಿಲ್ಲ; ಹೆಸರಿನ ಮುಂದೆ ಬಾಣ ತೂರಿದ ಹೃದಯವೊಂದನ್ನು ಬರೆದು ಮುಗಿಸುತ್ತಾರೆ.

ನಾನು: ತಮ್ಮ ನಿವಾಸಿಗಳಾದ ಚಿರತೆಗಳ ಮೇಲೆ ನಗರದವರ ದೂರಿದೆ. ರಾತ್ರಿಯಲ್ಲಿ ನಮ್ಮ ವಸತಿಗಳತ್ತ ಬರುತ್ತವಂತೆ.

ಗಿರಿ: ಅವು ವಿಹಾರಕ್ಕೆ ಬರುತ್ತವೆ, ಅಯ್ಯಾ. ನಿಮಗಿಂತ ಸಭ್ಯ ಪ್ರವಾಸಿಗಳು. ಸದ್ದು ಮಾಡುವುದಿಲ್ಲ, ಬುತ್ತಿ ಕಟ್ಟಿಕೊಂಡು ಬರುವುದಿಲ್ಲ, ಊರಿನಲ್ಲಿ ಏನು ಸಿಗುವುದೋ ಅದನ್ನೇ ಉಣ್ಣುತ್ತವೆ. ನೀವು ಬೀದಿಗೆಸೆದ ಕಸ ನಾಯಿಗಳನ್ನು ಬೆಳೆಸುತ್ತದೆ. ನಾಯಿಗಳು ಅವನ್ನು ಕರೆಯುತ್ತವೆ. ಸ್ಥಳೀಯ ಆಹಾರವನ್ನು ಗೌರವಿಸುವುದೆಂದರೆ ಅದು.

ನಾನು: ಸ್ಥಳೀಯ ಆಹಾರವನ್ನು ಸವಿಯಬೇಕೆಂಬ ಆಸೆ ನನಗೂ ಉಂಟು. ಆದರೆ ಇಲ್ಲಿ ಯೋಗ್ಯವಾದ ಹೋಟೆಲು ಕಾಣಲಿಲ್ಲ.

ಗಿರಿ: ಬರುವಾಗ ದಾರಿಯಂಚಿನಲ್ಲಿ ಬುಟ್ಟಿಯಿಟ್ಟುಕೊಂಡು ಕುಳಿತಿದ್ದ ವಾರಲಿ ಹೆಂಗಸನ್ನು ನೋಡಿದಿರಾ?

ನಾನು: ಸೌತೆಕಾಯಿ ಮಾರುತ್ತಿದ್ದಳು. ಪಕ್ಕದಲ್ಲಿ ಯಾವುದೋ ಕಳೆಗಿಡದ ಕಟ್ಟುಗಳಿದ್ದವು.

ಗಿರಿ: ಕಳೆಗಿಡವೆ! ಅವಳು ಅದನ್ನು ಟಾಕಳಾ ಎನ್ನುತ್ತಾಳೆ. ನಿಮ್ಮ ಊರು ಯಾವುದೆಂದಿರಿ?

ನಾನು: ಉಡುಪಿಯ ಕಡೆ.

ಗಿರಿ: ಹಾಗಿದ್ದರೆ ನಿಮ್ಮ ತಾಯಿ ಅದನ್ನು ತಜಂಕ್ ಎಂದಿರಬೇಕು, ಆಟಿಯಲ್ಲಿ, ತರಕಾರಿಯಿಲ್ಲದ ದಿನಗಳಲ್ಲಿ, ಹಿತ್ತಿಲಿನಿಂದ ಎಳೆಯ ಸೊಪ್ಪನ್ನು ಕೊಯ್ದು ಪಲ್ಯ ಮಾಡಿರಬೇಕು. ಬುಟ್ಟಿಯ ಅಡಿಯಲ್ಲಿ ಕೆಸುವಿನೆಲೆಯೂ ಇತ್ತು. ವರ್ಷಕ್ಕೊಮ್ಮೆ ರಜೆ ಹಾಕಿ, ರೈಲಿನಲ್ಲಿ ಒಂದು ಇರುಳನ್ನು ಕಳೆದು, ಘಟ್ಟದ ಬುಡದ ಮನೆಗೆ ಹೋಗಿ ಪತ್ರೊಡೆ ತಿಂದು ಬಂದು ಹನ್ನೊಂದು ತಿಂಗಳು ಅದನ್ನೇ ವರ್ಣಿಸುವ ನೀವು, ಅದೇ ಮಳೆಯಲ್ಲಿ ಅದೇ ಎಲೆ ಅರ್ಧ ದಿನದ ದಾರಿಯಲ್ಲಿ ಬೆಳೆದಿದ್ದರೆ ಅದನ್ನು ದಾಟಿಕೊಂಡು ಬಂದು ಹೋಟೆಲನ್ನು ಹುಡುಕುತ್ತೀರಿ.

(ಈ ಮಾತಿಗೆ ಉತ್ತರವನ್ನು ನಾನು ಇನ್ನೂ ಹುಡುಕುತ್ತಿರುವಾಗಲೇ ಕಪಿಯೊಂದು ಹಿಂದಿನಿಂದ ಬಂದು, ಇಡ್ಲಿಯ ಡಬ್ಬಿಯನ್ನು ಅಭ್ಯಾಸವಾದ ಕೈಯಿಂದ ಸೆಳೆದೊಯ್ದು, ಮುಚ್ಚಳ ತೆಗೆದು, ಚಟ್ನಿಯನ್ನು ಬೇರೆಯಾಗಿಟ್ಟು ತಿನ್ನತೊಡಗಿತು.)

ನಾನು: ಅಯ್ಯೋ, ನನ್ನ ಊಟ!

ಗಿರಿ: ಹೊರಗಿನ ತಿಂಡಿಯ ಮೋಹ ಈಗ ನನ್ನ ಮನೆಯವರಿಗೂ ಅಂಟಿದೆ. ಯಾರನ್ನು ದೂರಲಿ?

ನಾನು: ಕೊನೆಯ ಪ್ರಶ್ನೆ. ಕಾರ್ವಿಯ ನೀಲಿ ಹೂ ಹಾಸಿದ ತಮ್ಮ ಇಳಿಜಾರನ್ನು ನೋಡಬೇಕೆಂದು ಬಹುದಿನಗಳ ಬಯಕೆ. ಮುಂದಿನ ಭಾನುವಾರ ಬರಲೆ?

ಗಿರಿ: ಅದು ಎಂಟು ವರ್ಷಗಳಿಗೊಮ್ಮೆ ಅರಳುವ ಹೂ. 2016ರಲ್ಲಿ ಅರಳಿತ್ತು, 2024ರಲ್ಲಿ ಅರಳಿತು. ಭಾನುವಾರಗಳ ಲೆಕ್ಕ ಅದಕ್ಕೆ ತಿಳಿಯದು.

ಮಳೆ ಮತ್ತೆ ಹನಿಯತೊಡಗಿತು. ನಾಳೆಯೂ ಬಂದು ಉಳಿದ ಪ್ರಶ್ನೆಗಳನ್ನು ಕೇಳಬಹುದೆ ಎಂದೆನು. ನಾಳೆ ಸೋಮವಾರ, ಸೋಮವಾರ ಉದ್ಯಾನದ ಬಾಗಿಲು ತೆರೆಯುವುದಿಲ್ಲ ಎಂದರು ಗಿರಿವರ್ಯರು. ಇಳಿಯುವ ದಾರಿಯಲ್ಲಿ ತಜಂಕಿನ ಕಟ್ಟುಗಳೆಲ್ಲ ಮಾರಿಹೋಗಿದ್ದವು. ಎರಡು ಸೌತೆಕಾಯಿ ಉಳಿದಿತ್ತು.