ಶ್ರೀ ಹಳದಿ ಹೊತ್ತಗೆಯವರೊಡನೆ ಒಂದು ಸಂದರ್ಶನ

ನನ್ನ ಅಳಿಯನು ಗೇರುಬೀಜದ ವ್ಯಾಪಾರದವನು. ಮಂಗಳೂರು ಕಾರ್ಕಳಗಳ ಕಾರ್ಖಾನೆಗಳಿಗೆ ನಮ್ಮ ಗುಡ್ಡಗಳಲ್ಲಿ ಬೆಳೆದ ಬೀಜವು ಸಾಲದೆ, ಹಡಗುಗಟ್ಟಲೆ ಕಚ್ಚಾ ಬೀಜವು ಪಶ್ಚಿಮ ಆಫ್ರಿಕದಿಂದ ಬಂದಿಳಿಯುವುದೆಂಬುದನ್ನು ಕರಾವಳಿಯವರಿಗೆ ನಾನು ಹೇಳಬೇಕಾದುದಿಲ್ಲ. ಆ ಬೀಜವನ್ನು ಘಾನಾ ದೇಶದ ಟೆಚಿಮಾನಿನ ಕಡೆಯಲ್ಲಿ ಕೊಂಡು, ಮೂಟೆ ಕಟ್ಟಿಸಿ ಕಳುಹಿಸುವ ಕಾರ್ಯದ ನಿಮಿತ್ತವಾಗಿ ಆತನು ಅಕ್ರಾ ನಗರದಲ್ಲಿ ಮನೆಮಾಡಿ ಎರಡು ವರ್ಷವಾಯಿತು; ಮಗಳೂ ಅಲ್ಲಿಯೇ ಇದ್ದಾಳೆ. "ಒಂದು ಸಲ ಬಂದು ಹೋಗಿ, ಅಪ್ಪಾ" ಎಂದು ಆಕೆ ಕರೆದಾಗ, ಮಗಳ ಮನೆಗೆ ಹೋಗುವುದಕ್ಕೆ ಹಣ್ಣು, ಹೂವು, ಒಂದು ಕಟ್ಟು ಹಲಸಿನ ಹಪ್ಪಳ ಇವಿಷ್ಟಿದ್ದರೆ ಸಾಕೆಂದು ಐವತ್ತೆಂಟು ವರ್ಷ ನಂಬಿಕೊಂಡು ಬಂದಿದ್ದ ನಾನು, ಅರ್ಜಿಯ ನಮೂನೆ, ಭಾವಚಿತ್ರಗಳು, ಅಳಿಯನ ಆಮಂತ್ರಣಪತ್ರ, ಬ್ಯಾಂಕಿನ ಲೆಕ್ಕದ ಹಾಳೆಗಳು, ಹಿಂದಿರುಗಿ ಬರುವೆನೆಂಬುದಕ್ಕೆ ಸಾಕ್ಷಿಯಾಗಿ ಟಿಕೆಟ್ಟು, ಇವೆಲ್ಲವನ್ನೂ ಕೂಡಿಹಾಕುವುದರಲ್ಲಿ ಒಂದು ಮಾಸವನ್ನು ಸವೆಸಿದೆನು.

ಇದರ ಮೇಲೆ ಪೀತಜ್ವರದ ಲಸಿಕೆ. ಅದನ್ನು ಹಾಕಲು ಅನುಮತಿ ಪಡೆದ ಕೇಂದ್ರಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಒಂದು ಸೀಸೆಯಲ್ಲಿ ಹಲವರ ಪಾಲಿನ ಮದ್ದು ಇರುವುದರಿಂದಲೂ, ಒಮ್ಮೆ ಕಲಸಿದ ಮದ್ದು ಆರು ಗಂಟೆಗಳೊಳಗೆ ಮುಗಿಯಬೇಕಾದುದರಿಂದಲೂ, ಜನ ಕೂಡುವ ತನಕ ಸೀಸೆಯ ಬಾಯಿ ತೆರೆಯುವುದಿಲ್ಲ. ಮೊದಲ ವಾರ ನಾನು ಹೋದಾಗ ನಾವು ನಾಲ್ವರೇ ಇದ್ದೆವು. ಮುಂದಿನ ವಾರ ಬನ್ನಿರೆಂದು ಹಿಂದಕ್ಕೆ ಕಳುಹಿಸಿದರು. ಪಂಕ್ತಿ ತುಂಬದೆ ಬಡಿಸುವುದಿಲ್ಲವೆನ್ನುವ ಮಠದ ಅಡಿಗೆಯವರನ್ನು ನಾನು ಬಲ್ಲೆನು. ಪಂಕ್ತಿ ತುಂಬದೆ ಚುಚ್ಚುವುದಿಲ್ಲವೆನ್ನುವ ದಾದಿಯನ್ನು ಕಂಡುದು ಅಂದೇ ಮೊದಲು.

ಎರಡನೆಯ ವಾರ ಚುಚ್ಚಿಸಿಕೊಂಡು ಬಂದ ರಾತ್ರಿ, ಮೇಜಿನ ಮೇಲೆ ನನ್ನ ರಹದಾರಿಪತ್ರಕ್ಕೆ ಒರಗಿಕೊಂಡಿದ್ದ ಹಳದಿ ಹೊದಿಕೆಯ ಆ ಸಣ್ಣ ಹೊತ್ತಗೆಯು, ತಾನಾಗಿಯೇ ಗಂಟಲು ಸರಿಮಾಡಿಕೊಂಡು, ಸಂದರ್ಶನಕ್ಕೆ ಸಿದ್ಧವೆಂಬಂತೆ ನನ್ನ ಕಡೆ ತಿರುಗಿತು. ತೋಳಿನ ನೋವೂ ತುಸು ಮೈಬಿಸಿಯೂ ಇದ್ದುದರಿಂದ ನಡೆದುದೆಲ್ಲ ನಿಜವೆಂದು ಆಣೆಯಿಟ್ಟು ಹೇಳಲಾರೆ. ಆದರೆ ಅದು ಹೇಳಿದುದನ್ನು ಮರುದಿನ ಗ್ರಂಥಗಳಲ್ಲಿ ತಾಳೆನೋಡಿದೆನು, ಸುಳ್ಳೊಂದೂ ಸಿಕ್ಕಲಿಲ್ಲ.

ನಾನು: ತಮ್ಮ ಪೂರ್ಣ ನಾಮಧೇಯ?

ಹೊತ್ತಗೆ: ಲಸಿಕೆಯ ಅಥವಾ ರೋಗನಿರೋಧದ ಅಂತರರಾಷ್ಟ್ರೀಯ ಪ್ರಮಾಣಪತ್ರ. ಜನ ಪ್ರೀತಿಯಿಂದಲೋ ಬೇಸರದಿಂದಲೋ ಹಳದಿ ಕಾರ್ಡೆನ್ನುತ್ತಾರೆ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿರುವವನು ನಾನು. ನಮ್ಮದು ಒಂದು ಕಾಲಕ್ಕೆ ತುಂಬಿದ ಅವಿಭಕ್ತ ಕುಟುಂಬ, ಸ್ವಾಮಿ. ಸಿಡುಬಿನ ಪುಟದ ದೊಡ್ಡಣ್ಣನಿದ್ದನು, ಕಾಲರಾ ಪುಟದ ಚಿಕ್ಕಣ್ಣನಿದ್ದನು. ಚಿಕ್ಕಣ್ಣನಿಂದ ಯಾವ ಗಡಿಯಲ್ಲಿಯೂ ಕಾಲರಾ ನಿಲ್ಲಲಿಲ್ಲವೆಂದು ಅವನನ್ನು ಬೇಗನೆ ವಿಶ್ರಾಂತಿಗೆ ಕಳುಹಿಸಿದರು. 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ಸಾರಿದ ಮೇಲೆ ದೊಡ್ಡಣ್ಣನಿಗೂ ಕೆಲಸವಿಲ್ಲದಾಯಿತು. ಇಂಥ ಗೌರವದ ನಿವೃತ್ತಿ ನನಗೆ ಯಾವಾಗ ಬರುವುದೋ! ನಡುವೆ ಕೊರೋನಾ ಕಾಲದಲ್ಲಿ ಕಪ್ಪು ಬಿಳುಪಿನ ಚೌಕುಳಿ ಅಂಗಿ ತೊಟ್ಟ ದಾಯಾದಿಯೊಬ್ಬನು ಬಂದು, ಮೂರು ವರ್ಷ ಮೆರೆದು, ಎಲ್ಲಿಯೋ ಮಾಯವಾದನು. ಅವನ ಮಾತು ಬೇಡ.

ನಾನು: ಈ ನೀಲಿ ರಹದಾರಿಪತ್ರ, ಅದರೊಳಗಣ ವೀಸಾ, ಇವರೊಡನೆ ತಮ್ಮ ಸಂಬಂಧ ಹೇಗೆ?

ಹೊತ್ತಗೆ: ರಹದಾರಿಪತ್ರವು ನೀವು ಯಾರೆಂದು ಹೇಳುತ್ತದೆ, ವೀಸಾವು ನೀವು ಬರಬಹುದೇನೋ ಎಂದು ಹೇಳುತ್ತದೆ. "ಏನೋ" ಎಂದೆನು, ಗಮನಿಸಿದಿರಷ್ಟೆ? ಒಳಗೆ ಬಿಡುವುದು ಬಿಡದಿರುವುದು ವಿಮಾನ ನಿಲ್ದಾಣದ ಗಾಜಿನ ಹಿಂದೆ ಕುಳಿತವನ ಚಿತ್ತ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಮಾಡಿದವನು ಎಂದೋ ಒಂದು ದಿನ ವೀಸಾ ಹಿಡಿದು ಹೊರಟಿರಬೇಕು.

ಹೊಸ ಕಾಲದ ಪೀಡೆಯಿದು ಎಂದುಕೊಳ್ಳಬೇಡಿರಿ. ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಒಂದು ಮಾಷಕವನ್ನು ತೆಗೆದುಕೊಂಡು ಮುದ್ರೆಯೊತ್ತಿ ಕೊಡುವನು, ಮುದ್ರೆಯಿಲ್ಲದೆ ಗಡಿ ದಾಟಿದವನಿಗೆ ಹನ್ನೆರಡು ಪಣ ದಂಡ. ಸ್ವತಂತ್ರ ಭಾರತದವರು ದೆಹಲಿಯಲ್ಲಿ ವಿದೇಶೀ ರಾಯಭಾರಗಳಿಗೆಂದು ಕಟ್ಟಿಸಿದ ಬಡಾವಣೆಗೆ ಚಾಣಕ್ಯಪುರಿಯೆಂದು ಹೆಸರಿಟ್ಟುದು ಆಕಸ್ಮಿಕವಲ್ಲವೆಂದು ನನ್ನ ಗುಮಾನಿ. ಮಾಷಕದ ಬೆಲೆ ಮಾತ್ರ ಈಚೆಗೆ ಏರಿದೆ.

ನಾನು: ಘಾನಾದ ನೆರೆಹೊರೆಯವರಿಗೂ ಇದೇ ಪಾಡೋ?

ಹೊತ್ತಗೆ: ಅವರಿಗೆ ವೀಸಾ ಬೇಡ. ಪಶ್ಚಿಮ ಆಫ್ರಿಕದ ರಾಷ್ಟ್ರಗಳು 1975ರಲ್ಲಿ ಲಾಗೋಸಿನಲ್ಲಿ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. 1979ರ ಒಪ್ಪಂದದ ಮೇರೆಗೆ ಒಕ್ಕೂಟದ ಪ್ರಜೆಯು ತೊಂಬತ್ತು ದಿನಗಳ ಮಟ್ಟಿಗೆ ವೀಸಾ ಇಲ್ಲದೆ ನೆರೆರಾಜ್ಯಕ್ಕೆ ಹೋಗಬಹುದು. ಆದರೆ ನಾನು ಮಾತ್ರ ಅವನ ಜೇಬಿನಲ್ಲಿಯೂ ಇರಬೇಕು. ವೀಸಾಕ್ಕೆ ಜಾತಿ ಕುಲಗಳ ಭೇದವುಂಟು, ಸ್ವಾಮಿ, ನನಗಿಲ್ಲ. ಒಂಬತ್ತು ತಿಂಗಳು ತುಂಬಿದ ಕೂಸಾದರೂ ಅಕ್ರಾದಲ್ಲಿ ಇಳಿದರೆ ನನ್ನನ್ನು ತೋರಿಸಬೇಕು.

ನಾನು: ನಮ್ಮ ದೇಶದಲ್ಲಿ ಪೀತಜ್ವರವೆಂಬುದೇ ಇಲ್ಲವಷ್ಟೆ. ಇಲ್ಲದ ರೋಗವನ್ನು ನಾನು ಅಲ್ಲಿಗೆ ಹೇಗೆ ಒಯ್ಯುವೆನು?

ಹೊತ್ತಗೆ: ಒಯ್ಯುವಿರೆಂದು ಯಾರು ಹೇಳಿದರು? ಅಲ್ಲಿ ನಿಮಗೆ ತಗುಲದಿರಲೆಂದು ಅವರು ಕೇಳುತ್ತಾರೆ. ನೀವು ಮರಳಿ ಬರುವಾಗ ತರದಿರಲೆಂದು ನಿಮ್ಮವರೇ ಕೇಳುತ್ತಾರೆ, ಅದೂ ಎಷ್ಟು ನಿಷ್ಠುರವಾಗಿ! ಘಾನಾದಿಂದ ಬಂದಿಳಿದು ನನ್ನನ್ನು ತೋರಿಸದಿದ್ದರೆ, ಮನೆಯವರು ಗಾಜಿನಾಚೆ ಹಾರ ಹಿಡಿದು ನಿಂತಿದ್ದರೂ, ಆರು ದಿನ ಪ್ರತ್ಯೇಕವಾಸ. ಅದಕ್ಕೆ ಕಾರಣವುಂಟು. ಪೀತಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ನಿಮ್ಮ ಮನೆಯ ಹೂಕುಂಡದ ತಟ್ಟೆಯಲ್ಲಿ, ಹಿತ್ತಲಿನ ಹಳೆಯ ಟೈರಿನಲ್ಲಿ, ತೆರೆದಿಟ್ಟ ನೀರಿನ ತೊಟ್ಟಿಯಲ್ಲಿ ಸಂಸಾರ ಹೂಡಿ ಡೆಂಗ್ಯೂ ಹಂಚುತ್ತಿದೆಯಲ್ಲ, ಅದಕ್ಕೆ ಈ ಹೊಸ ವಿದ್ಯೆಯನ್ನು ಕಲಿಸುವ ಗುರುವೊಬ್ಬನು ಬರಲಿಲ್ಲವೆಂಬುದೊಂದೇ ಕೊರತೆ. ಆ ಗುರುವು ನೀವಾಗಬಾರದು.

ನಾನು: ಆ ಸೊಳ್ಳೆಗೆ ವೀಸಾ ಕೊಟ್ಟವರಾರು?

(ಇದನ್ನು ನಾನು ವಿನೋದಕ್ಕೆ ಕೇಳಿದೆನು. ಹೊತ್ತಗೆಯು ಬಹಳ ಹೊತ್ತು ಮಾತಾಡಲಿಲ್ಲ.)

ಹೊತ್ತಗೆ: ಘಾನಾದ ಕಡಲಂಚಿನಲ್ಲಿ ಎಲ್ಮಿನಾ ಎಂಬ ಕೋಟೆಯಿದೆ, 1482ರಲ್ಲಿ ಪೋರ್ಚುಗೀಸರು ಕಟ್ಟಲಾರಂಭಿಸಿದುದು. ಸನಿಹದಲ್ಲಿ ಕೇಪ್ ಕೋಸ್ಟ್ ಕೋಟೆ. ಅದರ ಕಡಲ ಕಡೆಗೆ ಒಂದು ಬಾಗಿಲು. ಮರಳಿ ಬಾರದ ಬಾಗಿಲೆಂದು ಅದಕ್ಕೆ ಹೆಸರು. ಅಲ್ಲಿಂದ ಹೊರಟವರಿಗೆ ವೀಸಾ ಕೇಳಲಿಲ್ಲ, ರಹದಾರಿ ಕೇಳಲಿಲ್ಲ, ಹೆಸರನ್ನೂ ಕೇಳಲಿಲ್ಲ. ತಲೆ ಎಣಿಸಿ ಹಡಗಿಗೆ ತುಂಬಿದರು. ಆ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಈಡಿಸ್ ಸೊಳ್ಳೆಯೂ, ಸರಪಳಿಯವರ ರಕ್ತದಲ್ಲಿ ಪೀತಜ್ವರವೂ ಅಟ್ಲಾಂಟಿಕ್ ಸಮುದ್ರವನ್ನು ದಾಟಿದವು. 1647ರಲ್ಲಿ ಬಾರ್ಬಡೋಸ್ ದ್ವೀಪ, 1793ರಲ್ಲಿ ಫಿಲಡೆಲ್ಫಿಯಾ ಪಟ್ಟಣ, 1802ರಲ್ಲಿ ಹೈಟಿಯನ್ನು ಮತ್ತೆ ಗುಲಾಮಗಿರಿಗೆ ತಳ್ಳಲು ಬಂದ ನೆಪೋಲಿಯನ್ನನ ಸೈನ್ಯ, ಎಲ್ಲರೂ ಅದರ ರುಚಿ ನೋಡಿದರು. ವೀಸಾ ಕೊಟ್ಟವರಾರೆಂದಿರಾ? ಹಡಗಿನ ಯಜಮಾನರು.

2019ರಲ್ಲಿ ಘಾನಾ ಸರಕಾರವು "ಮರಳಿ ಬರುವ ವರ್ಷ"ವೆಂದು ಸಾರಿ, ಹಾಗೆ ಹೋದವರ ಸಂತತಿಯನ್ನು ಸಮುದ್ರದಾಚೆಯಿಂದ ಕರೆಯಿತು. ಬಂದವರು ಬಹು ಮಂದಿ. ಆ ಬಾಗಿಲಿನ ಹೊರಮೈಗೆ ಈಗ "ಮರಳುವ ಬಾಗಿಲು" ಎಂದು ಫಲಕ ಹಾಕಿದ್ದಾರೆ. ಮರಳಿದವರ ಕೈಯಲ್ಲಿ ಮಾತ್ರ ನಾನಿರಲೇಬೇಕಾಯಿತು.

ನಾನು: ತಮ್ಮ ಕುಲದ ಮೂಲಪುರುಷರು ಯಾರು?

ಹೊತ್ತಗೆ: ಈ ಪ್ರಶ್ನೆಯನ್ನು ಯಾವ ಅಧಿಕಾರಿಯೂ ನನ್ನನ್ನು ಕೇಳಿದುದಿಲ್ಲ. 1927ರಲ್ಲಿ, ಈಗಿನ ಘಾನಾದ ಪೂರ್ವಭಾಗದ ಕ್ಪೇವೆ ಎಂಬಲ್ಲಿ, ಅಸಿಬಿ ಎಂಬ ಇಪ್ಪತ್ತೆಂಟು ವರ್ಷದವನೊಬ್ಬನು ಜ್ವರದಿಂದ ಮಲಗಿದ್ದನು. ರಾಕ್‌ಫೆಲರ್ ಪ್ರತಿಷ್ಠಾನದ ವೈದ್ಯರು ಅವನ ರಕ್ತವನ್ನು ತೆಗೆದು ಒಂದು ರೀಸಸ್ ಕೋತಿಗೆ ಚುಚ್ಚಿದರು. ಆಫ್ರಿಕದ ಕೋತಿಗಳು ಈ ಜ್ವರವನ್ನು ಲೆಕ್ಕಕ್ಕೆ ತರುವುದಿಲ್ಲ. ನಿಮ್ಮ ಉತ್ತರ ಹಿಂದೂಸ್ಥಾನದ ದೇವಾಲಯಗಳಲ್ಲಿ ಬಾಳೆಹಣ್ಣು ಕಸಿಯುವ ಆ ಜಾತಿಯದೋ, ಸತ್ತೇಹೋಯಿತು. ಅಸಿಬಿ ಬದುಕಿಕೊಂಡನು. ರೋಗಕ್ಕೆ ಕಾರಣ ವಿಷಾಣುವೆಂದು ಅದರಿಂದ ಗೊತ್ತಾಯಿತು. ಅದೇ ವರ್ಷ ಸಂಶೋಧಕ ಏಡ್ರಿಯನ್ ಸ್ಟೋಕ್ಸ್ ಲಾಗೋಸಿನಲ್ಲಿ ಅದೇ ಜ್ವರದಿಂದ ತೀರಿಕೊಂಡನು. ಜಪಾನಿನ ಹಿದೆಯೋ ನೊಗುಚಿ, ರೋಗಕ್ಕೆ ಕಾರಣ ಬೇರೊಂದು ಕ್ರಿಮಿಯೆಂಬ ತನ್ನ ವಾದವನ್ನು ಸ್ಥಾಪಿಸುವ ಹಟದಿಂದ ಅಕ್ರಾಕ್ಕೆ ಬಂದವನು, 1928ರ ಮೇ ತಿಂಗಳಲ್ಲಿ ಅಲ್ಲಿಯೇ ಮಡಿದನು. ಕೆಲವೇ ದಿನಗಳಲ್ಲಿ ಅವನ ಜೊತೆಗಿದ್ದ ವೈದ್ಯ ಯಂಗನೂ ಮಡಿದನು. ನೊಗುಚಿಯ ಮುಖವನ್ನು ಜಪಾನಿನವರು ಇಪ್ಪತ್ತು ವರ್ಷ ತಮ್ಮ ಸಾವಿರ ಯೆನ್ ನೋಟಿನ ಮೇಲೆ ಅಚ್ಚುಹಾಕಿದರು. ಅಕ್ರಾದ ಲೆಗೊನ್ನಿನಲ್ಲಿ ಅವನ ಹೆಸರಿನ ಸಂಶೋಧನಾಲಯವೂ ಇದೆ.

ಅಸಿಬಿಯ ರಕ್ತದಿಂದ ಬಂದ ಆ ವಿಷಾಣುವನ್ನೇ ಮ್ಯಾಕ್ಸ್ ಥೈಲರ್ ಎಂಬವನು ಪ್ರಯೋಗಶಾಲೆಯಲ್ಲಿ ನೂರಕ್ಕೂ ಹೆಚ್ಚು ಬಾರಿ ಬೆಳೆಸಿ ಬೆಳೆಸಿ ಸಾಧುಮಾಡಿ, 1937ರಲ್ಲಿ ಲಸಿಕೆ ಮಾಡಿದನು. 1951ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಇಂದು ಲೋಕದಲ್ಲಿ ಪೀತಜ್ವರಕ್ಕೆ ಹಾಕುವ ಲಸಿಕೆಯೆಲ್ಲ ಅದೇ ವಂಶದ್ದು. ಈಗ ನಿಮ್ಮ ಎಡದೋಳಿನಲ್ಲಿ ನೋಯುತ್ತಿರುವುದು, ಸ್ವಾಮಿ, ಘಾನಾದ ಹಳ್ಳಿಗನ ಪ್ರಸಾದ. ಅವನ ದೇಶಕ್ಕೆ ಹೋಗಲು ಅವನಿಂದಲೇ ಶಿಫಾರಸು ಪಡೆದಿದ್ದೀರಿ.

ನಾನು: ಪ್ರಸಾದವೆಂದಿರಿ. ಆ ವಿಷಾಣುವನ್ನು ಬೆಳೆಸುವುದು ಯಾವುದರಲ್ಲಿ?

ಹೊತ್ತಗೆ: ಕೋಳಿಯ ಮೊಟ್ಟೆಯೊಳಗಿನ ಭ್ರೂಣದಲ್ಲಿ. ಕೇಂದ್ರದಲ್ಲಿ ಮೊಟ್ಟೆ ಒಗ್ಗುವುದೇ ಎಂದು ಕೇಳಿದಾಗ, ತಾವು ಮುಟ್ಟುವುದೇ ಇಲ್ಲವೆಂದು ಗಂಭೀರವಾಗಿ ಹೇಳಿದಿರಿ. ಅವರು ಕೇಳಿದುದು ಅಲರ್ಜಿಯನ್ನು, ಆಚಾರವನ್ನಲ್ಲ.

(ಇದನ್ನು ನಮ್ಮ ಮನೆಯವಳಿಗೆ ಹೇಳಕೂಡದೆಂದು ಹೊತ್ತಗೆಯಿಂದ ಮಾತು ತೆಗೆದುಕೊಂಡೆನು.)

ನಾನು: ಲಸಿಕೆ ಶರೀರದಲ್ಲಿರುವಾಗ ಕಾಗದವೇಕೆ?

ಹೊತ್ತಗೆ: ಶರೀರವನ್ನು ಓದಲು ಗಾಜಿನ ಹಿಂದಿನವರಿಗೆ ಬಾರದು. ಲಸಿಕೆಯಿದ್ದು ನಾನಿಲ್ಲದವನು ಅಪಾಯಕಾರಿ. ನಾನಿದ್ದು ಲಸಿಕೆಯಿಲ್ಲದವನು ನಿರಪಾಯಿ. ಆದುದರಿಂದಲೇ ದೇಶದೇಶಗಳಲ್ಲಿ ನನ್ನ ನಕಲಿಗಳು ಹುಟ್ಟಿವೆ. ಸೂಜಿಗೆ ಅಂಜಿದವನು ದುಡ್ಡಿಗೆ ಅಂಜುವುದಿಲ್ಲ. ಸೊಳ್ಳೆಯೊಂದೇ ಕಾಗದ ಓದದೆ ನೇರವಾಗಿ ಮನುಷ್ಯನನ್ನು ಪರೀಕ್ಷಿಸುವುದು.

ನನ್ನ ಮಡಿಯಾದರೋ ಬಹಳ ಬಿಗಿ. ಇಂಗ್ಲಿಷಿನಲ್ಲಿ ಅಥವಾ ಫ್ರೆಂಚಿನಲ್ಲಿ ತುಂಬಬೇಕು. ಬೇಕಾದರೆ ಜೊತೆಗೆ ಇನ್ನೊಂದು ಭಾಷೆ. ತಿಂಗಳನ್ನು ಅಂಕೆಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯಬೇಕು. ವೈದ್ಯನ ರುಜು ಬೇಕು, ಕೇಂದ್ರದ ಮೊಹರೂ ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡದು. ಒಂದು ಅಕ್ಷರವನ್ನು ಒರೆಸಿ ತಿದ್ದಿದರೂ ನಾನು ಅಸಿಂಧುವಾಗಬಹುದು. ಅಕ್ಷರ ಬಾರದವನು ತನ್ನ ಗುರುತು ಹಾಕಬಹುದು, ಅದು ಅವನದೇ ಎಂದು ಮತ್ತೊಬ್ಬನು ಸಾಕ್ಷಿ ಹೇಳಬೇಕು.

ನಾನು: ತಮ್ಮ ಆಯುರ್ಮಾನ?

ಹೊತ್ತಗೆ: ಮೊದಲು ಹತ್ತು ವರ್ಷವಿತ್ತು. 2016ರ ಜುಲೈ 11ರಿಂದ ನಿಮ್ಮ ಆಯುಸ್ಸೇ ನನ್ನ ಆಯುಸ್ಸು. ಹಳೆಯ ಹತ್ತು ವರ್ಷದ ಬರಹವಿದ್ದ ನನ್ನ ಹಿರಿಯರಿಗೂ ಅದೇ ವರ ಸಂದಿತು. ಆದರೆ ಚುಚ್ಚಿದ ಹತ್ತು ದಿನಗಳ ತರುವಾಯವೇ ನನಗೆ ಪ್ರಾಣ ಬರುವುದು. ಅಂದಹಾಗೆ, ವಿಮಾನ ಎಂದಿಗೆ?

ನಾನು ಎದ್ದು ಪಂಚಾಂಗವನ್ನು ತೆಗೆದೆನು. ಆ ನಾಲ್ವರ ಪಂಕ್ತಿಯಿಂದ ವಾಪಸು ಬಂದ ವಾರವನ್ನು ಲೆಕ್ಕಕ್ಕೆ ಹಿಡಿಯದೆ, ವೀಸಾಕ್ಕೆ ತೋರಿಸಲೆಂದು ಮೊದಲೇ ಕೊಂಡಿದ್ದ ಟಿಕೆಟ್ಟಿನ ಪ್ರಕಾರ, ನಾನು ಅಕ್ರಾದಲ್ಲಿ ಇಳಿಯಬೇಕಾದುದು ಚುಚ್ಚಿದ ಒಂಬತ್ತನೆಯ ದಿನ.

ಹೊತ್ತಗೆ: ಅಂದು ನಾನಿನ್ನೂ ಗರ್ಭಸ್ಥ, ಸ್ವಾಮಿ. ಮಾತಾಡಲಾರೆ. ಇನ್ನೊಂದು ಸಂಗತಿ: ನನ್ನ ಮೇಲೆ ನಿಮ್ಮ ರುಜು ಇನ್ನೂ ಬಿದ್ದಿಲ್ಲ.

ರಹದಾರಿಪತ್ರದಲ್ಲಿರುವಂತೆಯೇ ಕನ್ನಡದಲ್ಲಿ ರುಜು ಹಾಕಿದೆನು. ಬೆಳಗಾದ ಮೇಲೆ, ದಂಡ ತೆತ್ತು, ಪ್ರಯಾಣವನ್ನು ನಾಲ್ಕು ದಿನ ಮುಂದಕ್ಕೆ ಹಾಕಿಸಿದೆನು. ಹಪ್ಪಳವನ್ನು ಕಟ್ಟಿಟ್ಟಿದೆ.