‘ಬನ್ನಿ’ ಮೀಮಾಂಸೆ: ಟಗಾಲೊಗ್ ಕಲಿಯಹೊರಟ ಬಸವನಗುಡಿಯವರಿಗೆ

ಅಧಿಕಾರಿ ಪ್ರಕರಣ

ಶಾಸ್ತ್ರ ಶುರುವಾಗುವ ಮುನ್ನ ಅದನ್ನು ಓದಲು ಯಾರು ಅರ್ಹರೆಂದು ಹೇಳುವುದು ವಾಡಿಕೆ. ರಾತ್ರಿ ಪಾಳಿಯಲ್ಲಿ ಮನಿಲಾದವರೊಡನೆ ಫೋನಿನಲ್ಲಿ ದುಡಿದು, ಬೆಳಿಗ್ಗೆ ಗಾಂಧಿಬಜಾರಿನಲ್ಲಿ ಕ್ಯಾಬ್ ಇಳಿದು, ನಿದ್ದೆಗಿಂತ ಮಸಾಲೆದೋಸೆ ಮೊದಲು ಎಂದು ನಿರ್ಧರಿಸುವ ಯಾರೇ ಆಗಲಿ, ಈ ಗ್ರಂಥಕ್ಕೆ ಅಧಿಕಾರಿಗಳು. ಇಂಥವರು ಟಗಾಲೊಗ್ಗಿನ ನಾಲ್ಕು ಮಾತು ಕಲಿತಿರುತ್ತಾರೆ. ಹೊರಡೋಣ ಎನ್ನಲು ‘ತಾರಾ’. ಅದನ್ನೇ ಹುಡುಗರು ತಿರುವುಮುರುವು ಮಾಡಿಕೊಂಡ ‘ಅರಾತ್’. ಜೊತೆಗೆ ಬರ್ತೀಯಾ ಎನ್ನಲು ‘ಸಾಮಾ ಕಾ?’; ಊಟಕ್ಕೆ ಕರೆಯಲು ‘ಕಾಯಿನ್ ತಾಯೋ’. ಅರ್ಥ ಗೊತ್ತು, ಎಷ್ಟು ನಂಬಬೇಕೆಂಬುದು ಗೊತ್ತಿಲ್ಲ. ಅದನ್ನು ಕಲಿಯಲು ವಿಮಾನ ಹತ್ತಬೇಕಿಲ್ಲ, ಹಳೇ ಬೆಂಗಳೂರಿನ ನಾಲ್ಕು ಬೀದಿ ಸುತ್ತಿದರೆ ಸಾಕು ಎಂಬುದು ನಮ್ಮ ಪ್ರತಿಜ್ಞೆ.

ಕ್ಷೇತ್ರ ಪ್ರಕರಣ

ಹಳೇ ಬೆಂಗಳೂರೇ ಏಕೆ? 1892ರಲ್ಲಿ ಚಾಮರಾಜಪೇಟೆ ಎದ್ದಿತು. 1898ರ ಪ್ಲೇಗಿನ ಬಳಿಕ ಇಕ್ಕಟ್ಟಿನ ಪೇಟೆ ಬಿಟ್ಟವರಿಗಾಗಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬಂದವು. ಪೇಟೆಯಲ್ಲಿ ಜಗುಲಿಯಿಂದ ಜಗುಲಿಗೆ ಮಾತು ಹಾರುತ್ತಿತ್ತು; ಇಲ್ಲಿ ಕಾಂಪೌಂಡು ಬಂತು, ಅದಕ್ಕೊಂದು ಗೇಟು ಬಂತು. ಗೇಟಿನ ಮೇಲೆ ಮೊಣಕೈ ಊರಿ, ಚಿಲಕ ಮಾತ್ರ ತೆಗೆಯದೆ, ‘ಒಳಗೆ ಬನ್ನಿ’ ಎನ್ನುವ ಕಲೆ ಹುಟ್ಟಿದ್ದು ಹೀಗೆ. ಚರಿತ್ರಕಾರರು ಇದನ್ನು ಒಪ್ಪಿಲ್ಲ. ನಾವೂ ಅವರನ್ನು ಕೇಳಿಲ್ಲ.

ಪ್ರಥಮ ಸೂತ್ರ: ಕರೆಯಲ್ಲಿ ಮಾತು ಹೆಚ್ಚಿದಷ್ಟೂ ಎಲೆ ದೂರ

ವ್ಯಾಖ್ಯಾನ. ‘ಏನ್ ಸಾರ್, ಈ ಕಡೆ ಬರೋದೇ ಬಿಟ್ಬಿಟ್ರಿ! ಒಂದ್ಸಲ ಬಿಡುವು ಮಾಡ್ಕೊಂಡು, ಮನೆಯವರನ್ನೂ ಕರ್ಕೊಂಡು ಬನ್ನಿ.’ ಇದರಲ್ಲಿ ಅಕ್ಕರೆಯಿದೆ, ಆಕ್ಷೇಪಣೆಯಿದೆ, ಮನೆಯವರೂ ಇದ್ದಾರೆ, ವಾರವಿಲ್ಲ, ಹೊತ್ತಿಲ್ಲ. ಶಾಸ್ತ್ರೋಕ್ತ ಉತ್ತರ: ‘ಖಂಡಿತ ಬರ್ತೀವಿ. ನೀವೇ ಮೊದಲು ಬನ್ನಿ.’ ಇಬ್ಬರೂ ಸಂತೋಷದಿಂದ ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಇದರ ಎದುರು ‘ನಡಿ ಗುರು’ ಎಂಬ ಕರೆಯನ್ನಿಡಿ. ಎಲ್ಲಿಗೆ, ಏಕೆ, ದುಡ್ಡು ಯಾರದು, ಒಂದೂ ಇಲ್ಲ; ಆದರೆ ಹೇಳಿದವನು ಆಗಲೇ ಚಪ್ಪಲಿ ಮೆಟ್ಟಿರುತ್ತಾನೆ. ‘ತಾರಾ’ ಈ ಜಾತಿಗೆ ಸೇರಿದ್ದು. ಅದನ್ನು ಕೇಳಿದ ಮೇಲೆ ಯೋಚಿಸುತ್ತಾ ಕೂತವನು ಒಬ್ಬನೇ ಕೂತಿರುತ್ತಾನೆ.

ದ್ವಿತೀಯ ಸೂತ್ರ: ತಿನ್ನುವವನು ಕರೆಯತಕ್ಕದ್ದು, ಕಂಡವನು ಒಲ್ಲೆನ್ನತಕ್ಕದ್ದು

ವ್ಯಾಖ್ಯಾನ. ಫಿಲಿಪ್ಪೀನ್ಸಿನಲ್ಲಿ ಡಬ್ಬಿ ಬಿಚ್ಚಿದವರು ಪಕ್ಕದಲ್ಲಿ ಹಾದವರಿಗೆಲ್ಲ ‘ಕಾಯಿನ್ ತಾಯೋ’ ಎನ್ನುತ್ತಾರೆ. ಹಿರಿಯರಾದರೆ ನಡುವೆ ಒಂದು ‘ಪೋ’ ಸೇರಿಸಿ, ನಾವು ‘ರೀ’ ಹಚ್ಚುವಂತೆ. ಹಾದವರು ‘ಬುಸೊಗ್ ಪಾ ಆಕೋ’, ಹೊಟ್ಟೆ ಇನ್ನೂ ತುಂಬಿದೆ, ಎಂದು ನಕ್ಕು ಮುಂದೆ ಹೋಗುತ್ತಾರೆ. ಮಲ್ಲೇಶ್ವರದಲ್ಲಿ ‘ಬನ್ನಿ, ಊಟ ಮಾಡೋಣ’ ಎಂದರೆ ‘ಈಗ್ತಾನೆ ಆಯ್ತು’ ಎಂಬ ಉತ್ತರ ಬೆಳಿಗ್ಗೆ ಹತ್ತೂವರೆಗೂ ಸಲ್ಲುತ್ತದೆ. ಅಷ್ಟು ಹೊತ್ತಿಗೇ ಯಾರ ಮನೆಯಲ್ಲಿ ಊಟವಾಯಿತೆಂದು ಯಾರೂ ಕೇಳುವುದಿಲ್ಲ.

ಹಾಗಾದರೆ ನಿಜವಾದ ಕರೆಯನ್ನು ಅರಿಯುವುದು ಹೇಗೆ? ನೈಯಾಯಿಕರ ಪ್ರಮಾಣಗಳನ್ನು ಹಚ್ಚಿ ನೋಡಬೇಕು. ಶಬ್ದಪ್ರಮಾಣ, ಅಂದರೆ ‘ಬನ್ನಿ’ ಎಂಬ ಮಾತು, ಅತಿ ದುರ್ಬಲ. ಒಳಗಿನಿಂದ ಒಗ್ಗರಣೆಯ ವಾಸನೆ ಬಂದರೆ ಅಡುಗೆಯಿದೆ ಎಂದು ಅನುಮಾನ. ಆದರೆ ಅದು ನಿಮಗೆ ಎಂಬುದು ಸಿದ್ಧವಾಗುವುದಿಲ್ಲ. ಮೂರನೇ ಬಾರಿಗೆ, ಧ್ವನಿ ತುಸು ಗದರಿಕೆಗೆ ತಿರುಗಿ, ‘ತಟ್ಟೆ ಹಾಕಾಯ್ತು, ಕೈ ತೊಳ್ಕೊಳ್ಳಿ’ ಎಂದಾಗ ಪ್ರತ್ಯಕ್ಷ. ಆಮೇಲೂ ಒಲ್ಲೆನ್ನುವುದು ಮಹಾಪಾತಕ.

ತೃತೀಯ ಸೂತ್ರ: ‘ನಾವು’ ಎಂದರೆ ಎಷ್ಟು ಜನ?

ವ್ಯಾಖ್ಯಾನ. ಟಗಾಲೊಗ್ಗಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ ‘ತಾಯೋ’, ಹೊರಗಿಟ್ಟರೆ ‘ಕಾಮಿ’. ನೆರೆಯ ತಮಿಳು, ತೆಲುಗು, ತುಳುಗಳಿಗೂ ಈ ಅನುಕೂಲವಿದೆ. ಇಂದಿನ ಕನ್ನಡಕ್ಕೆ ಇರುವುದೊಂದೇ ‘ನಾವು’. ಹೀಗಾಗಿ ‘ನಾವು ಸಿಟಿಆರ್‌ಗೆ ಹೋಗ್ತಾ ಇದೀವಿ’ ಎಂದು ಗೆಳೆಯರು ಹೇಳಿದಾಗ, ಬೆಣ್ಣೆದೋಸೆಯಲ್ಲಿ ತನಗೂ ಪಾಲಿದೆಯೋ, ಇದು ಬರೀ ವರ್ತಮಾನವೋ ತಿಳಿಯದೆ ಒಬ್ಬನು ಮಾರ್ಗೋಸಾ ರಸ್ತೆಯಲ್ಲಿ ತ್ರಿಶಂಕುವಾಗುತ್ತಾನೆ.

ವ್ಯಾಕರಣದ ಈ ಕೊರತೆಯನ್ನು ತುಂಬಿಕೊಟ್ಟದ್ದು ನಮ್ಮ ಹೋಟೆಲುಗಳು. ‘ಬೈ ಟೂ ಹೇಳ್ಲಾ?’ ಎಂದವನು ನಿಮ್ಮನ್ನು ಸೇರಿಸಿಕೊಂಡಾಯಿತು; ಅರ್ಧ ಲೋಟ ಕಾಫಿ ನಿಮ್ಮ ಹೆಸರಿಗೆ ಬಿದ್ದಾಯಿತು. 1965ರಿಂದ ಶಂಕರಪುರದಲ್ಲಿರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಜನ ನಿಂತೇ ಇಡ್ಲಿ ತಿನ್ನುವುದರಿಂದ ‘ಬನ್ನಿ, ಕೂತ್ಕೊಳ್ಳಿ’ ಎಂಬ ಪೀಠಿಕೆಗೂ ಅವಕಾಶವಿಲ್ಲ. 1943ರ ವಿದ್ಯಾರ್ಥಿ ಭವನದಲ್ಲಿ ಸರದಿ ಬಂದಾಗ ಅಪರಿಚಿತರ ಎದುರು ಕೂರಬೇಕಾಗಬಹುದು. ಅವರು ಕರೆಯಲಿಲ್ಲವೆಂದು ಮುನಿಯಬಾರದು. ದೋಸೆ ಬಂದಾಗ ಯಾರಿಗೂ ಯಾರೂ ಕಾಣುವುದಿಲ್ಲ.

ಪೂರ್ವಪಕ್ಷ

‘ಹಾಗಾದರೆ ಈ ಬಡಾವಣೆಗಳ ಕರೆಗಳೆಲ್ಲ ಸುಳ್ಳೇ?’ ಅಲ್ಲ. ನವರಾತ್ರಿಯಲ್ಲಿ ಕುಂಕುಮದ ಭರಣಿ ಹಿಡಿದು ಮನೆಬಾಗಿಲಿಗೆ ಬಂದು, ‘ಸಾಯಂಕಾಲ ಬೊಂಬೆ ನೋಡೋಕೆ ಬನ್ನಿ’ ಎಂದ ಕರೆಗೆ ಹೊತ್ತಿದೆ, ಸಾಕ್ಷಿಯಿದೆ. ಅದನ್ನು ತಪ್ಪಿಸಿದವರ ಹೆಸರು ಮುಂದಿನ ನವರಾತ್ರಿಯವರೆಗೆ ಚಾಲ್ತಿಯಲ್ಲಿರುತ್ತದೆ. ಇನ್ನು ಯಾರೂ ಕರೆಯದೆ ಊರೇ ಹೋಗುವುದೂ ಉಂಟು: ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ, 1939ರಿಂದ ನಡೆದುಬಂದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತ.

ಸಿದ್ಧಾಂತ

ಗೇಟಿನ ಮೇಲಿನ ‘ಬನ್ನಿ’ ಊಟಕ್ಕೆ ಕರೆದದ್ದಲ್ಲದಿರಬಹುದು. ನಮ್ಮಿಬ್ಬರ ನಡುವೆ ಮಾತು ನಿಂತಿಲ್ಲ ಎಂದು ದಿನವೂ ಹಾಕುವ ರುಜು ಅದು. ಒಲ್ಲೆ ಎಂದವರು ಎದುರು ರುಜು ಹಾಕುತ್ತಾರೆ. ಕರೆದು ಬಾರದಿದ್ದರೆ ಯಾರಿಗೂ ನೋವಿಲ್ಲ. ತಿನ್ನುತ್ತಾ ಕರೆಯದಿದ್ದರೆ ಮನಿಲಾದಲ್ಲೂ ಮಲ್ಲೇಶ್ವರದಲ್ಲೂ ವಿಷಯ ಮೂರು ಮನೆ ದಾಟುತ್ತದೆ.

ಫಲಶ್ರುತಿ

ಇದನ್ನು ಓದಿದವರು ಮನಿಲಾದಲ್ಲಿ ಹಸಿದಿದ್ದರೂ ಹೊಟ್ಟೆ ತುಂಬಿದೆ ಎನ್ನುವರು. ಬಸವನಗುಡಿಯಲ್ಲಿ ಮೂರನೇ ಕರೆಗೆ ಕಾಯುವರು. ಓದದವರು ಮೊದಲ ಕರೆಗೇ ಗೇಟು ತೆಗೆದು ಒಳಗೆ ಹೋಗಿ ಕೂರುವರು. ಅವರಿಗೂ ಊಟ ಸಿಗುವುದು. ಸಾರಿಗೆ ಮಾತ್ರ ಇನ್ನೊಂದು ಚೊಂಬು ನೀರು ಬೀಳುವುದು.