ಭಾನುವಾರದ ಮೆಕ್ಯಾನಿಕ್

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಭಾನುವಾರ ಬೆಳಿಗ್ಗೆ ಕಾರಿನಡಿಯಿಂದ ಎರಡು ಕಾಲು ಹೊರಚಾಚಿದ್ದರೆ, ಅವು ಮನೆ ಮೆಕ್ಯಾನಿಕ್ಕಿನವು. ವೃತ್ತಿಯಿಂದ ಇವರು ಬ್ಯಾಂಕಿನವರೋ ಲೆಕ್ಚರರೋ ಆಗಿರುತ್ತಾರೆ. ವಯಸ್ಸು ಐವತ್ತು ದಾಟಿರುತ್ತದೆ. ಗಾಡಿ ಸಾಮಾನ್ಯವಾಗಿ ಕ್ವಾಲಿಸ್, ಪವರ್ ಸ್ಟೀರಿಂಗ್ ಇರುವಂಥದ್ದು. ಬಿಡದಿಯಲ್ಲಿ ತಯಾರಾಗಿ 2000ದಿಂದ 2005ರವರೆಗೆ ಮಾರಾಟವಾದ ಈ ಗಾಡಿಯನ್ನು ಕೊಟ್ಟುಬಿಡಿ ಎಂದವರ ಜೊತೆ ಇವರು ಆಮೇಲೆ ಮಾತು ಕಡಿಮೆ ಮಾಡುತ್ತಾರೆ.

ರೋಗಲಕ್ಷಣ ಎರಡು. ನಿಲ್ಲಿಸಿದ ಜಾಗದಲ್ಲಿ ಕೆಂಪು ಎಣ್ಣೆಯ ಚುಕ್ಕೆ. ತಿರುವಿನಲ್ಲಿ ಗುಂಯ್ ಎನ್ನುವ ನರಳಾಟ. ಪವರ್ ಸ್ಟೀರಿಂಗಿನ ಪಂಪು ಇಂಜಿನಿನ ಬೆಲ್ಟಿನಿಂದ ತಿರುಗಿ, ಎಣ್ಣೆಯನ್ನು ಒತ್ತಡದಲ್ಲಿ ಸ್ಟೀರಿಂಗಿಗೆ ತಳ್ಳುತ್ತದೆ. ಎಣ್ಣೆ ಕಡಿಮೆಯಾಗಿ ಗಾಳಿ ಹೊಕ್ಕರೆ ನರಳುತ್ತದೆ. ಮನೆ ಮೆಕ್ಯಾನಿಕ್ ಕಾರಿನಡಿ ಬಗ್ಗಿ, ಪಂಪಿನ ಹೊಟ್ಟೆ ಒದ್ದೆಯಾಗಿರುವುದನ್ನು ಬೆರಳಲ್ಲಿ ಸವರಿ, ಮೂಸಿ, "ಪಂಪೇ ಹೋಗಿದೆ" ಎಂದು ತೀರ್ಪು ಕೊಡುತ್ತಾರೆ. ಇದರ ಮೇಲೆ ಅಪೀಲಿಲ್ಲ.

ಗ್ಯಾರೇಜಿನವರು ಹೇಳುವ ಕೂಲಿ ಇವರ ಪ್ರಕಾರ ಹಗಲುದರೋಡೆ. ಅದನ್ನು ಉಳಿಸಲು ಶನಿವಾರ ಜೆ.ಸಿ. ರಸ್ತೆಗೆ ಹೋಗಿ ಪಂಪಿನ ಜೊತೆ ಸಾಕೆಟ್ ಸೆಟ್ಟು, ಎರಡು ಜಾಕ್ ಸ್ಟ್ಯಾಂಡು ಮತ್ತು ಬೇಕೋ ಬೇಡವೋ ಇರಲಿ ಎಂದು ಒಂದು ಪುಲ್ಲರ್ ತರುತ್ತಾರೆ. ಇವು ಖರ್ಚಿನ ಲೆಕ್ಕಕ್ಕೆ ಸೇರುವುದಿಲ್ಲ. ಸಾಮಾನು ಮನೆಯಲ್ಲೇ ಇರುತ್ತದಲ್ಲ! ಹಳೆಯ ಎಣ್ಣೆ ಹಿಡಿಯಲು ಮಾತ್ರ ಏನೂ ತಂದಿರುವುದಿಲ್ಲ. ಆ ಕೆಲಸಕ್ಕೆ ಅಡುಗೆಮನೆಯ ಬೇಸಿನ್ ಒಂದು ಕಾಣೆಯಾಗುತ್ತದೆ.

ಈ ಕೆಲಸದಲ್ಲಿ ಅತಿ ಕಠಿಣವಾದ ಹುದ್ದೆ ಟಾರ್ಚ್ ಹಿಡಿಯುವವನದು. ಅದು ಮಗನ ಪಾಲು. ಬೆಳಕು ಎಲ್ಲಿ ಬೀಳಬೇಕೆಂದು ಅಪ್ಪ ಹೇಳುವುದಿಲ್ಲ. ಎಲ್ಲಿ ಬೀಳಬಾರದಿತ್ತೆಂದು ಹೇಳುತ್ತಾರೆ. "ಅಲ್ಲಲ್ಲ ಕಣೋ, ಅಲ್ಲಿ!" ಎಂಬ ಎರಡನೆಯ 'ಅಲ್ಲಿ' ಯಾವುದೆಂದು ಮಗ ಹುಡುಕುವಷ್ಟರಲ್ಲಿ ನಟ್ಟು ಉರುಳಿ ಚರಂಡಿ ಸೇರಿರುತ್ತದೆ. ಅದಕ್ಕೂ ಟಾರ್ಚೇ ಕಾರಣ.

ಬೆಲ್ಟು ಸಡಿಲಿಸಿ, ಪೈಪು ಬಿಚ್ಚಿ, ಬೋಲ್ಟು ತೆಗೆಯುವುದು ಹೇಳಲು ಮೂರು ಮಾತು. ಮಾಡಲು ಮಧ್ಯಾಹ್ನದ ಊಟದ ಹೊತ್ತು ಮೀರುತ್ತದೆ. ಕೊನೆಯ ಬೋಲ್ಟು ಸದಾ ಕೈ ಹೋಗದ ಸಂದಿಯಲ್ಲಿರುತ್ತದೆ. "ರೀ, ಸಾರು ಆರ್ತಿದೆ" ಎಂದು ಮೂರನೆಯ ಸಲ ಕೂಗು ಬಂದಾಗ ಅದು ಅರ್ಧ ಸುತ್ತು ತಿರುಗುತ್ತದೆ.

ಹೊಸ ಪಂಪು ಕೂತ ಮೇಲೆ ಗಾಳಿ ತೆಗೆಯುವ ವಿಧಿ. ಮುಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ, ಇಂಜಿನ್ ಚಾಲೂ ಮಾಡದೆ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಮತ್ತೆ ಮತ್ತೆ ತಿರುಗಿಸಬೇಕು. ಡಬ್ಬಿಯಲ್ಲಿ ಎಣ್ಣೆ ಇಳಿದಂತೆ ತುಂಬಿಸುತ್ತಿರಬೇಕು. ಎಣ್ಣೆಯಲ್ಲಿ ನೊರೆ ಕಂಡರೆ ಗಾಳಿ ಇನ್ನೂ ಉಳಿದಿದೆ ಎಂದರ್ಥ. ನಿಂತ ಗಾಡಿಯಲ್ಲಿ ಕೂತು ಗಂಭೀರವಾಗಿ ಸ್ಟೀರಿಂಗ್ ತಿರುಗಿಸುವ ಯಜಮಾನರನ್ನು ನೋಡಲು ಅಕ್ಕಪಕ್ಕದವರು ಸೇರುವುದು ಈ ಹಂತದಲ್ಲೇ. "ಈಗಿನ ಗಾಡಿಗಳಲ್ಲಿ ಕರೆಂಟ್ ಸ್ಟೀರಿಂಗ್ ಸಾರ್, ಪಂಪೂ ಇಲ್ಲ, ಎಣ್ಣೆಯೂ ಇಲ್ಲ" ಎಂದು ಯಾರೋ ಹೇಳುತ್ತಾರೆ. ಮಾತು ನಿಜ. ಆದರೆ ಏನೂ ಸೋರದ ಗಾಡಿಯನ್ನು ಇಟ್ಟುಕೊಂಡು ಭಾನುವಾರ ಮಾಡುವುದೇನು ಎಂಬುದು ಇವರಿಗೆ ತಿಳಿಯುವುದಿಲ್ಲ.

ಸೋಮವಾರ ಬೆಳಿಗ್ಗೆ ಅದೇ ಜಾಗದಲ್ಲಿ ಕೆಂಪು ಚುಕ್ಕೆ.

ಸೋರುತ್ತಿದ್ದದ್ದು ಎಣ್ಣೆ ವಾಪಸು ಬರುವ ರಬ್ಬರ್ ಪೈಪಿನ ಸಡಿಲವಾದ ಕ್ಲಿಪ್ಪಿನಿಂದ. ಎಣ್ಣೆ ಮೇಲಿಂದ ಜಾರಿ ಬಂದು ಪಂಪಿನ ತಳದಲ್ಲಿ ತೊಟ್ಟಿಕ್ಕುವುದರಿಂದ ಅಪವಾದ ಪಂಪಿಗೆ ಬರುತ್ತದೆ. ಮೊದಲು ಎಲ್ಲವನ್ನೂ ಒರೆಸಿ ಒಣಗಿಸಿ, ಇಂಜಿನ್ ಚಾಲೂ ಮಾಡಿ, ಎಲ್ಲಿ ಹೊಸದಾಗಿ ಒದ್ದೆಯಾಗುತ್ತದೆಂದು ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮನೆ ಮೆಕ್ಯಾನಿಕ್ ಕ್ಲಿಪ್ಪನ್ನು ಸದ್ದಿಲ್ಲದೆ ಬಿಗಿ ಮಾಡುತ್ತಾರೆ. ಮನೆಯಲ್ಲಿ ಕೇಳಿದವರಿಗೆ "ಹೊಸ ಪಂಪು ಸೆಟ್ ಆಗೋಕೆ ಒಂದು ದಿನ ಬೇಕು" ಎನ್ನುತ್ತಾರೆ.

ಹಳೆಯ ಪಂಪನ್ನು ದಿನಪತ್ರಿಕೆಯಲ್ಲಿ ಸುತ್ತಿ, ಹಳೆಯ ಸ್ಕೂಟರಿನ ಕಾರ್ಬುರೇಟರ್ ಪಕ್ಕದಲ್ಲಿ ಅಟ್ಟಕ್ಕೆ ಸೇರಿಸಲಾಗುತ್ತದೆ. ಅದು ಈಗಲೂ ಚೆನ್ನಾಗಿಯೇ ಇದೆ.